ಎರಡು ಮೊಳ ನೇರಳೆ ಬಟ್ಟೆ

"ಎರಡು ಮೊಳ ಬಟ್ಟೆ ಎಲ್ಲಿ ಹೋಯ್ತು, ರೆನಾನ್?"

ನಿಲ್ದಾಳ ದನಿಗೆ ಹೊಲಿಗೆ ಯಂತ್ರಗಳೆಲ್ಲ ಗಪ್‌ಚಿಪ್! ಲಾ ಪಾಸ್ ನಗರದ ಆ ಕಾರ್ಖಾನೆಯಲ್ಲಿ ಕತ್ತರಿಸಿ ಉಳಿದ ಥಾನನ್ನು ಅವಳು ತಾನೇ ಅಳೆದಿದ್ದಳು. ಅವಳ ನೃತ್ಯತಂಡದ ನಲವತ್ತು ಹೆಂಗಸರಿಗೆ ನಲವತ್ತು ನೇರಳೆ ಲಂಗ, ಅವರ ಗಂಡಂದಿರಿಗೆ ಅದೇ ಬಟ್ಟೆಯ ಮೂವತ್ತೊಂಬತ್ತು ಟೈ. ಗಂಡನಿಲ್ಲದವಳು ನಿಲ್ದಾ ಒಬ್ಬಳೇ.

ಮಾಲೀಕ ರೆನಾನ್ ಕೆಂಪಾದ. "ಅದೂ... ಹಬ್ಬದ ಮೆರವಣಿಗೆ ದಿನ ಹೇಳ್ತೀನಿ ಕಸೇರಿತಾ." ಖಾಯಂ ಗಿರಾಕಿಯನ್ನು ಅಲ್ಲಿ ಅಕ್ಕರೆಯಿಂದ ಕರೆಯುವುದೇ ಹಾಗೆ.

"ಕಸೇರಿತಾ ಗಿಸೇರಿತಾ ಅಂತ ಬೆಣ್ಣೆ ಹಚ್ಚಬೇಡ!"

ಮೆರವಣಿಗೆಗೆ ಇನ್ನೂ ತಿಂಗಳಿತ್ತು. ಅಲ್ಲಿಯವರೆಗೆ ಬಣ್ಣ ಗುಟ್ಟಾಗಿರಬೇಕು. ಹೋದ ವರ್ಷ ಎದುರು ತಂಡದ ಜಸಿಂತಾ ಇವರದೇ ಬಣ್ಣ ಕದ್ದು, ಉಟ್ಟು, ಮುಂದೆ ಕುಣಿದು ಹೋಗಿದ್ದಳು. ಊರೆಲ್ಲ ನಕ್ಕಿತ್ತು. ಈ ಸಲ ಬಣ್ಣ ಆರಿಸಿದವಳೂ ನಿಲ್ದಾ, ರೆನಾನ್‌ನನ್ನು ನಂಬಿದವಳೂ ನಿಲ್ದಾ. ಗುಟ್ಟು ರಟ್ಟಾದರೆ ತಂಡಕ್ಕೆ ಯಾವ ಮುಖ ತೋರಿಸುವುದು?

ಮರುದಿನ ಅದೇ ಕಾರ್ಖಾನೆಯಿಂದ ನಗುತ್ತಾ ಹೊರಬಂದವಳು ಯಾರು? ಜಸಿಂತಾ!

ಅಯ್ಯೋ, ತುಂಡು ಅವಳಿಗೇ ಕೊಟ್ಟುಬಿಟ್ಟನಾ? ನನ್ನ ಲಂಗದ ಅಳತೆ ತೆಗೆಯುವಾಗ ಅವನು ಮತ್ತೆ ಮತ್ತೆ ಟೇಪು ಬೀಳಿಸಿದ್ದು ಈ ಕಳ್ಳತನಕ್ಕಾ? ಛೆ... ನಾನೋ ಅದನ್ನು ಪ್ರೀತಿ ಅಂದುಕೊಂಡೆ!

ಬಟ್ಟೆಯೆಲ್ಲ ಕತ್ತರಿಸಿ ಆಗಿತ್ತು, ಬೇರೆ ಬಣ್ಣಕ್ಕೆ ಈಗ ದಾರಿಯಿರಲಿಲ್ಲ. ತಿಂಗಳಿಡೀ ಅವಳು ಅವನೊಡನೆ ಮಾತೇ ಆಡಲಿಲ್ಲ.

ಮೆರವಣಿಗೆಯ ಬೆಳಿಗ್ಗೆ ಜಸಿಂತಾಳ ತಂಡ ಮೂಲೆ ತಿರುಗಿತು. ನಿಲ್ದಾ ಕಣ್ಣು ಮುಚ್ಚಿದಳು. ತೆರೆದರೆ... ಹಸಿರು! ಅಪ್ಪಟ ಗಿಣಿಹಸಿರು!

ಜಸಿಂತಾ ಇವರ ನೇರಳೆ ಕಂಡು ಕಿರುಚಿದಳು, "ನಿಮ್ಮದು ಹಸಿರು ಅಂದಿದ್ನಲ್ಲೇ ಆ ರೆನಾನ್! ಮೋಸಗಾರ!"

ನಿಲ್ದಾಗೆ ನಗುವೂ ಬಂತು, ಅಳುವೂ ಬಂತು. ಪಾಪ, ಅವನನ್ನು ಎಷ್ಟು ಬೈದುಕೊಂಡೆ!

ರಸ್ತೆಯಂಚಿನಲ್ಲಿ ರೆನಾನ್ ಸಣ್ಣ ಪೊಟ್ಟಣ ಹಿಡಿದು ನಿಂತಿದ್ದ. "ಎರಡು ಮೊಳದ ಲೆಕ್ಕ ತಂದಿದ್ದೀನಿ."

ಒಳಗೆ ನೇರಳೆ ಟೈ!

"ನಾನು ಹೇಳಿದ್ದು ಮೂವತ್ತೊಂಬತ್ತು..."

"ಒಂದು ಕಮ್ಮಿ ಅನ್ನಿಸ್ತು. ನೀವಂದ್ರೆ ನಂಗೆ ಪ್ರಾಣ, ನಿಲ್ದಾ. ಬೇಡ ಅಂದ್ರೆ ಜೇಬಲ್ಲಿ ಇಟ್ಕೊಂಡು ಹೋಗ್ತೀನಿ."

"ಆವತ್ತೇ ಹೇಳೋಕೆ ಏನಾಗಿತ್ತೋ?"

"ಧೈರ್ಯ ಸಾಲಲಿಲ್ಲ..."

"ಬಗ್ಗು." ಅವಳೇ ಟೈ ಕಟ್ಟಿದಳು. ಈ ಸಲ ತಡವರಿಸಿದ್ದು ಅವಳು; ಗಂಟು ಎರಡು ಸಲ ತಪ್ಪಿತು.

"ಸ್ವಲ್ಪ ಬಿಗಿ ಆಯ್ತು, ಕಸೇರಿತಾ."

"ಇರಲಿ. ತಪ್ಪಿಸಿಕೊಂಡು ಹೋಗಬಾರದಲ್ಲ!"