ಕುಂಕುಮ ಹಚ್ಚಿದ ಕೈಬರಹ

ಮಧುಗಿರಿಯ ಕಾಲೇಜು ಲೈಬ್ರರಿಯಿಂದ ಹಳೆಯ ಕೈಬರಹದ ಪತ್ರಿಕೆ ಕಾಣೆಯಾದದ್ದು ಬೆಳಗ್ಗೆ ಹತ್ತೂವರೆಗೆ. ಹತ್ತು ನಲವತ್ತಕ್ಕೆಲ್ಲ ಲೈಬ್ರರಿಯ ಗಂಗಾಂಬಿಕಾ ಹಿಂದಿನ ಬೀದಿಯ ರಾಜಲಕ್ಷ್ಮಮ್ಮನ ಮನೆಗೆ ಓಡಿದ್ದಳು. ರಾಜಲಕ್ಷ್ಮಮ್ಮ ಅದೇ ಲೈಬ್ರರಿಯಲ್ಲಿ ದುಡಿದು ನಿವೃತ್ತರಾದವರು. ಏನೇ ಕಳುವಾದರೂ ಊರು ಪೊಲೀಸರಿಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿತ್ತು. ಗಂಗಾಂಬಿಕಾ ಅವರ ಜೊತೆ ಇಂಥ ಪತ್ತೆಗೆ ಎಷ್ಟೋ ಸಲ ಹೋಗಿದ್ದಳು. ಈ ಸಲ ಮಾತ್ರ ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದ್ದಳು.

ಹೋಗಬಾರದ್ದೇ ಹೋಗಿತ್ತು. ಉಪನ್ಯಾಸಕಿ ಭವ್ಯಳ ಪಿಎಚ್‌ಡಿ ಮೌಖಿಕ ಪರೀಕ್ಷೆ ಮಧ್ಯಾಹ್ನ ಮೂರಕ್ಕೆ. ಬುದ್ಧಿಯೇ ಬೆಳಕು ಎಂದ ವೈಚಾರಿಕ ಯುಗದ ಸಾಹಿತ್ಯ, ಎದೆಯ ಮಾತೇ ನಿಜ ಎಂದ ರಮ್ಯ ಯುಗದ ಸಾಹಿತ್ಯ, ಇವೆರಡರ ಆದರ್ಶಗಳ ಹೋಲಿಕೆ ಅವಳ ವಿಷಯ. ಎರಡೂ ಒಬ್ಬನೇ ಮನುಷ್ಯನೊಳಗೆ ಸಂಸಾರ ಮಾಡಬಲ್ಲವು ಎಂಬ ಅವಳ ವಾದ ಆ ಪತ್ರಿಕೆಯ ಒಂದು ಪದ್ಯವನ್ನು ನಂಬಿ ನಿಂತಿತ್ತು. ಹೆಸರು ಮರೆಸಿಕೊಂಡ ವಿದ್ಯಾರ್ಥಿಯೊಬ್ಬ ಮೂವತ್ತಾರು ವರ್ಷದ ಹಿಂದೆ ಕೈಯಾರೆ ಬರೆದದ್ದು. ಅದರಲ್ಲಿ ಬೆಟ್ಟದ ಎತ್ತರ ಅಳೆಯುತ್ತ, ಮೆಟ್ಟಿಲೆಣಿಸುತ್ತ ಹತ್ತಿದವನು ತುದಿಯ ಗಾಳಿಯಲ್ಲಿ ಲೆಕ್ಕ ಮರೆತು ಅಳುತ್ತಾನೆ. ಪತ್ರಿಕೆಗೆ ಇದ್ದದ್ದು ಒಂದೇ ಪ್ರತಿ. ಪುಟ ಬಿಚ್ಚಿ ಒತ್ತಿದರೆ ಪುಡಿಯಾದೀತೆಂದು ಫೋಟೊಗೂ ಬಿಡುತ್ತಿರಲಿಲ್ಲ. ಭವ್ಯ ಕೈಯಲ್ಲೇ ನಕಲು ಮಾಡಿಕೊಂಡಿದ್ದಳು. ಮೂಲ ತೋರಿಸದಿದ್ದರೆ ಪದ್ಯ ಇವಳೇ ಕಟ್ಟಿದ್ದು ಅನ್ನುತ್ತಾರೆ, ಐದು ವರ್ಷದ ದುಡಿಮೆ ಮಣ್ಣುಪಾಲು.

"ಅಳಬ್ಯಾಡ ಕಣಮ್ಮ. ಹೆಂಗಿಟ್ಟಿದ್ದೆ, ಹೇಳ್ಬುಡು," ಎಂದು ರಾಜಲಕ್ಷ್ಮಮ್ಮ ಲೈಬ್ರರಿಗೆ ಬಂದವರೇ ಭವ್ಯಳಿಗೆ ಹೇಳಿದರು.

ಭವ್ಯ ಪತ್ರಿಕೆಯನ್ನು ಸರಸ್ವತಿ ಪಟದ ಮುಂದಿಟ್ಟು, ರಟ್ಟಿಗೆ ಒದ್ದೆ ಕುಂಕುಮ ಹಚ್ಚಿ, ಮೇಲೊಂದು ಸೇವಂತಿಗೆ ಇಟ್ಟು ತಿಂಡಿಗೆ ಹೋಗಿದ್ದಳು. ಬಂದು ನೋಡಿದರೆ ಪತ್ರಿಕೆ ಇಲ್ಲ. ಹೂವು ಮಾತ್ರ ಪಟದ ಕೆಳಗೆ ನೆಟ್ಟಗೆ ಕೂತಿತ್ತು.

ಆ ಹೊತ್ತಿನಲ್ಲಿ ಒಳಗೆ ಬಂದವರು ಇಬ್ಬರೇ ಎಂದು ಬಾಗಿಲಲ್ಲಿದ್ದ ಗಂಗಾಂಬಿಕಾ ಹೇಳಿದಳು. ಒಬ್ಬ ಪ್ರಭುದೇವ್, ಹಣೆ ತುಂಬ ವಿಭೂತಿ ಬಳಿದುಕೊಂಡು ಪ್ರೇಮಪದ್ಯ ಬರೆಯುವ ಮೇಷ್ಟ್ರು. ಕಾವ್ಯವನ್ನು ಅಳೆದು ತೂಗುತ್ತೀಯಲ್ಲ ಎಂದು ನಿನ್ನೆಯಷ್ಟೇ ಭವ್ಯಳ ಮೇಲೆ ಹರಿಹಾಯ್ದಿದ್ದ. ಎಲ್ಲರ ಕಣ್ಣೂ ಅವನ ಮೇಲೆಯೇ. ಇನ್ನೊಬ್ಬರು ವಿಭಾಗದ ಮುಖ್ಯಸ್ಥ ನಾಗಭೂಷಣ್, ದೇವರು ಪೂಜೆ ಎಂದರೆ ನಗುವ ವಿಚಾರವಾದಿ.

"ನಾನು ಪೇಪರ್ ಓದೋಕೆ ಬಂದಿದ್ದೆ. ಆ ಪಟದ ಹತ್ತಿರಕ್ಕೂ ಹೋಗಿಲ್ಲ," ಎಂದು ನಾಗಭೂಷಣ್ ಕನ್ನಡಕ ತೆಗೆದು ಒರೆಸಿಕೊಂಡರು. ಅದರ ಮೂಗಿನ ಹಿಡಿಯಲ್ಲಿ ಕೆಂಪಗೆ ಏನೋ ಅಂಟಿದ್ದು ಗಂಗಾಂಬಿಕಾಳಿಗೆ ಕಂಡಿತು. ತುಕ್ಕಿರಬೇಕು ಅಂದುಕೊಂಡಳು. ಇಂದಿನ ಪರೀಕ್ಷಕರು ಇದೇ ಕಾಲೇಜಿನಲ್ಲಿ ತಮ್ಮ ಸಹಪಾಠಿಯಾಗಿದ್ದವರು, ಅವರೇ ಬರುವುದು ನಿನ್ನೆಯಷ್ಟೇ ಗೊತ್ತಾಯಿತು ಎಂದೂ ಅವರು ಹೇಳಿದರು.

ಎರಡು ಗಂಟೆಗೆ ರಾಜಲಕ್ಷ್ಮಮ್ಮ ಎಲ್ಲರನ್ನೂ ಲೈಬ್ರರಿಯಲ್ಲಿ ಸೇರಿಸಿದರು. ಓಡಾಡುವ ನೆಪದಲ್ಲಿ ಒಂದು ಪುಸ್ತಕವನ್ನು ನಾಗಭೂಷಣ್ ಕಾಲ ಬಳಿ ಬೀಳಿಸಿದರು. ಅವರ ಬೂಟು ತಗುಲಿತು. ಅವರು ತಟ್ಟನೆ ಬಗ್ಗಿ ಪುಸ್ತಕ ಎತ್ತಿ ಕಣ್ಣಿಗೊತ್ತಿಕೊಂಡರು. ಎಲ್ಲರೂ ಅವರತ್ತ ತಿರುಗಿದರು.

"ಕದ್ದೋರು ಹೂವನ್ನ ಕೆಳಗೆ ಹಾಕ್ಲಿಲ್ಲ, ಭಯಭಕ್ತಿಯಿಂದ ಇಟ್ಟವ್ರೆ," ರಾಜಲಕ್ಷ್ಮಮ್ಮ ಶುರುಮಾಡಿದರು. "ಅಂಥೋರು ಪತ್ರಿಕೆ ಎತ್ತಿದಾಗ ಕಣ್ಣಿಗೂ ಒತ್ಕೊಂಡಿರ್ತಾರೆ. ಆಗ ಕುಂಕುಮ ಮುಖಕ್ಕೆ ತಾಗ್ಬೇಕು. ಪ್ರಭುದೇವಪ್ಪನ ವಿಭೂತಿ ಒಂಚೂರೂ ಅಳಿಸಿಲ್ಲ. ನೀವು ಮುಖ ತೊಳ್ಕೊಂಡ್ರಿ ಮೇಷ್ಟ್ರೇ, ಕನ್ನಡಕದ ಸಂದು ಮರೆತ್ರಿ. ಪಟದ ಹತ್ರ ಹೋಗದೋರಿಗೆ ಅಲ್ಲಿ ಕುಂಕುಮ ಹೆಂಗೆ ಬಂತು?"

ಯಾಕೆಂಬುದನ್ನೂ ಅವರೇ ಬಿಡಿಸಿದರು. ಆ ಪದ್ಯ ಬರೆದ ವಿದ್ಯಾರ್ಥಿ ನಾಗಭೂಷಣ್ ಅವರೇ; ಭವ್ಯಳ ಪ್ರಬಂಧದಲ್ಲಿ ಅದನ್ನು ಟೈಪಾಗಿ ಓದಿದಾಗ ಹೆದರಲಿಲ್ಲ. ಸಹಪಾಠಿಯೇ ಮೂಲ ನೋಡುತ್ತಾನೆಂದಾಗ ದಿಗಿಲುಬಿದ್ದರು, ಯಾಕೆಂದರೆ ಅವನಿಗೆ ಇವರ ಅಕ್ಷರದ ಗುರುತು ಹತ್ತುತ್ತಿತ್ತು.

ನಾಗಭೂಷಣ್ ಚೀಲದಿಂದ ಪತ್ರಿಕೆ ತೆಗೆದಿಟ್ಟರು. "ಮೂವತ್ತು ವರ್ಷ ಭಾವುಕರನ್ನ ನೋಡಿ ನಕ್ಕವನು ನಾನು. ಎಲ್ಲರೂ ನನ್ನ ನೋಡಿ ನಗ್ತಾರೆ ಅನ್ನೋ ಭಯ. ಹರಿದು ಹಾಕೋಣ ಅಂದ್ರೆ ಕೈ ಬರಲಿಲ್ಲಮ್ಮ."

ಗಂಗಾಂಬಿಕಾಳಿಗೆ ಸಿಟ್ಟೂ ಬಂತು, ಅಯ್ಯೋ ಪಾಪವೆಂದೂ ಅನ್ನಿಸಿತು. ಭವ್ಯ ಪತ್ರಿಕೆಯನ್ನು ಎದೆಗವುಚಿಕೊಂಡು, "ನಿಮ್ಮ ಹೆಸರು ನನ್ನ ಬಾಯಲ್ಲಿ ಬರಲ್ಲ ಸರ್," ಎಂದಳು.

ಮೂರಕ್ಕೆ ಪರೀಕ್ಷೆ ಶುರುವಾಯಿತು. ಪರೀಕ್ಷಕರು ಆ ಪುಟವನ್ನು ಬಹಳ ಹೊತ್ತು ನೋಡಿ, ಇದನ್ನು ಬರೆದವರು ಯಾರೆಂದು ಗೊತ್ತೇ ಎಂದು ಕೇಳಿದರು. ಭವ್ಯ ಪ್ರಬಂಧದ ಹಾಳೆ ಮಗುಚತೊಡಗಿದಳು. ಹೇಳದಿದ್ದರೆ ಎರಡೂ ಒಬ್ಬನೊಳಗೆ ಇರಬಲ್ಲವು ಎಂಬ ಅವಳ ವಾದಕ್ಕೆ ತೋರಿಸಲು ಮನುಷ್ಯನೇ ಇಲ್ಲ, ಹೇಳಿದರೆ ಕೊಟ್ಟ ಮಾತು ತಪ್ಪುತ್ತದೆ. ಬಾಗಿಲ ಬಳಿ ನಿಂತಿದ್ದ ಗಂಗಾಂಬಿಕಾ ನಾಗಭೂಷಣ್ ಕಡೆ ನೋಡಿದಳು.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ನಾಗಭೂಷಣ್ ಎದ್ದು ನಿಂತಿದ್ದರು.

"ನಾನು ಬರೆದದ್ದು," ಎಂದರು. "ಆವತ್ತು ಬೆಟ್ಟದ ಮೇಲೆ ನಿಜವಾಗಲೂ ಅತ್ತಿದ್ದೆ."