ಹುಟ್ಟು ಕೇಳಬಾರದ ಚಾಕು

“ಹಣ್ಣು ಹೆಚ್ಚಿ, ಹಗ್ಗ ಕತ್ತರಿಸಿ, ಏನು ಬೇಕಾದ್ರೂ ಮಾಡ್ಕೊಳ್ಳಿ. ಇದು ಎಲ್ಲಿ ಹುಟ್ಟಿತು, ಯಾವಾಗ ಹುಟ್ಟಿತು ಅಂತ ಮಾತ್ರ ಹುಡುಕೋಕೆ ಹೋಗಬೇಡಿ.”

ಹಳೇ ಸಾಮಾನಿನ ಅಂಗಡಿಯ ಮೇಜಿನ ಮೇಲೆ ಆ ಹೆಂಗಸು ಒಂದು ಮಡಚುವ ಚಾಕು ಇಟ್ಟು, ಬೆರಳುಗಳನ್ನು ಕರವಸ್ತ್ರಕ್ಕೆ ಒರೆಸಿಕೊಂಡಳು. ಎದುರಿಗಿದ್ದವನು ಕಿಸಕ್ಕನೆ ನಕ್ಕ. ಎಲ್ಲಿಯದು, ಯಾವಾಗಿನದು ಎಂದು ಹುಡುಕುವುದೇ ಅವನ ಹೊಟ್ಟೆಪಾಡು. ಅಂಗಡಿಗೆ ಹೊಸಬ; ಬಂದ ಕೆಲವೇ ದಿನಕ್ಕೆ ಎಲ್ಲರ ಬಾಯಲ್ಲಿ ‘ಪಂಡಿತ’ ಆಗಿದ್ದ. ಆ ಹೆಸರಿನಲ್ಲಿ ಅರ್ಧ ಮೆಚ್ಚುಗೆಯಿತ್ತು, ಅರ್ಧ ಕುಹಕ. ಮಹಾನುಭಾವನಿಗೆ ಕೇಳಿಸಿದ್ದು ಮೆಚ್ಚುಗೆಯಷ್ಟೇ.

“ಯಾಕಮ್ಮಾ, ಕೇಳಿದ್ರೆ ಕಚ್ಚುತ್ತಾ?”

ಹೆಂಗಸು ನಗಲಿಲ್ಲ. “ಇದನ್ನ ಮಾಡಿದ ಕಮ್ಮಾರನ ಮುದ್ರೆ ಅಳಿಸಿ, ಒಬ್ಬ ವ್ಯಾಪಾರಿ ತನ್ನ ಮುದ್ರೆ ಹೊಡೆಸಿದನಂತೆ. ಹೊಟ್ಟೆ ಉರಿದುಹೋಗಿ ಆ ಕಮ್ಮಾರ ಇದೇ ಅಲಗಿನಲ್ಲಿ ಕೈ ಕೊಯ್ದುಕೊಂಡು, ಬೂದಿಗೆ ರಕ್ತ ಕಲಸಿ ಮಾಟ ಮಾಡಿದ. ಇದರ ಹುಟ್ಟು ಕೆದಕಿದವನ ಹುಟ್ಟು ಇದಕ್ಕೇ ಸೇರಲಿ ಅಂತ.”

“ಸೇರಿದ್ದು ಯಾರಾದ್ರೂ ನೋಡಿದಾರಾ?”

“ಒಬ್ಬ ಗಂಡಸು ದಿನಾ ನಮ್ಮ ಗೇಟಿನ ಹತ್ರ ಬಂದು ನಿಲ್ತಾನೆ. ‘ಅಕ್ಕಾ, ನಾನು ನಿನ್ನ ತಮ್ಮ’ ಅಂತ ಅಳ್ತಾನೆ. ನನಗೆ ತಮ್ಮನೇ ಇಲ್ಲ ಕಣಪ್ಪಾ! ಆದ್ರೆ ನಮ್ಮಪ್ಪ ನನ್ನನ್ನ ಮುದ್ದಿಂದ ಏನಂತ ಕರೀತಿದ್ರು ಅನ್ನೋದೂ ಅವನಿಗೆ ಗೊತ್ತು.” ಅವಳ ದನಿ ಇಳಿಯಿತು. “ಅವನನ್ನ ಕಂಡ್ರೆ ಏನೂ ಅನ್ನಿಸಲ್ಲ. ಈ ಚಾಕು ಕಂಡ್ರೆ ಕರುಳು ಚುರ್ ಅನ್ನುತ್ತೆ. ಹೆದರಿ ಮುದ್ರೆ ಉಜ್ಜಿಸಿಬಿಟ್ಟೆ. ಬಿಸಾಡೋಕೆ ಕೈ ಬರಲಿಲ್ಲ.”

ಅವಳು ಹೋದ ಮೇಲೆ ಅಂಗಡಿ ಯಜಮಾನರು ಮುಖ ಒರೆಸಿಕೊಂಡರು. “ಮುದ್ರೆ ಇಲ್ಲದ್ದು ಅಂತಲೇ ಮಾರಿಬಿಡೋಣ ಬಿಡಯ್ಯಾ. ನಮಗ್ಯಾಕೆ ಇಲ್ಲದ ಉಸಾಬರಿ?”

“ಅಯ್ಯೋ ಯಜಮಾನ್ರೇ, ನೀವೂ ಇದನ್ನೆಲ್ಲಾ ನಂಬ್ತೀರಾ!” ಎಂದು ಪಂಡಿತ ಚಾಕು ಎತ್ತಿಕೊಂಡು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಬೇಡ ಅಂದದ್ದನ್ನೇ ಮಾಡುವುದು ಕೆಲವರಿಗೆ ಹುಟ್ಟುಗುಣ.

ಆ ಕೋಣೆಗೆ ಕಿಟಕಿಯಿಲ್ಲ. ಸೀಮೆಎಣ್ಣೆ, ತುಕ್ಕು, ಹಳೇ ಚರ್ಮದ ವಾಸನೆ ಗೋಡೆಗೇ ಹಿಡಿದುಹೋಗಿತ್ತು. ದೀಪವನ್ನು ಓರೆ ಮಾಡಿ ಚಾಕು ನೋಡಿದ. ಮೂಳೆಯ ಹಿಡಿ. ಒಳಗೆ ಹಿತ್ತಾಳೆ ತಗಡು. ಕೈಯಲ್ಲಿ ಬಡಿದ ಕೀಲು. ಅಜ್ಜಂದಿರ ಕಾಲದ್ದು, ಅನುಮಾನವೇ ಇಲ್ಲ. ಆದರೆ ಯಾವ ಊರು? ಯಾವ ವರ್ಷ? ಅದನ್ನು ಹೇಳಬೇಕಾದ ಅಲಗಿನ ಬುಡ ಬೋಳಾಗಿತ್ತು.

ಫೋನು ಗುಂಯ್‌ಗುಟ್ಟಿತು. ಅಮ್ಮ.

“ಇವತ್ತು ನೀನು ಹುಟ್ಟಿದ ದಿನ ಕಣೋ, ಬೇಗ ಬಾ. ಊಟಕ್ಕೆ ಕಾಯ್ತಿರ್ತೀನಿ. ಹುಟ್ಟಿದಾಗ ನೀನು ಅಳಲೇ ಇಲ್ಲ, ಗೊತ್ತಾ? ಮೈಯೆಲ್ಲಾ ನೀಲಿ, ತಣ್ಣಗೆ. ಎಲ್ಲರೂ ಕೈ ಬಿಟ್ಟಿದ್ರು. ನಾನೇ ಮಡಿಲಲ್ಲಿ ಹಾಕ್ಕೊಂಡು ಎದೆ ಉಜ್ಜಿ ಉಜ್ಜಿ...”

“ವರ್ಷಾ ವರ್ಷಾ ಅದೇ ರಾಗ! ಕೆಲಸ ಇದೆ, ಇಡಮ್ಮಾ.”

ಅವನನ್ನು ಮಗು ಮಾಡಿ ನೋಡುವ ಜೀವ ಲೋಕದಲ್ಲಿ ಅದೊಂದೇ ಇತ್ತು. ಅದನ್ನೂ ಅರ್ಧ ಮಾತಿಗೇ ಕತ್ತರಿಸಿ ಹಾಕಿದ, ಪಾಪಿ.

ಉಜ್ಜಿದ ಮುದ್ರೆ ಪೂರ್ತಿ ಸಾಯುವುದಿಲ್ಲ. ಮುದ್ರೆ ಹೊಡೆದ ಏಟು ಉಕ್ಕಿನ ಆಳಕ್ಕೂ ಇಳಿದಿರುತ್ತದೆ. ಮೇಲೆ ಆ್ಯಸಿಡ್ ಸವರಿದರೆ ಒಳಗಿನ ಪೆಟ್ಟು ಮತ್ತೆ ಅಕ್ಷರವಾಗಿ ತೋರುತ್ತದೆ. ಪಂಡಿತ ಹತ್ತಿಯ ತುದಿಯನ್ನು ಅದ್ದಿ ಅಲಗಿನ ಬುಡಕ್ಕೆ ಮೆಲ್ಲಗೆ ಸವರಿದ.

ಚುಂಯ್ ಎಂದಿತು. ಹೊಗೆ ಎದ್ದಿತು. ಆ್ಯಸಿಡ್ಡಿನ ಘಾಟಲ್ಲ. ಹಸಿ ರಕ್ತದ ವಾಸನೆ, ಹೆರಿಗೆ ಮನೆಯ ವಾಸನೆ. ದೀಪ ಮಂಕಾಯಿತು. ಕೋಣೆಯ ಮೂಲೆಗಳು ಹತ್ತಿರ ಸರಿದವು. ಒಂದು ಅಕ್ಷರ ಮೂಡಿತು. ಪಕ್ಕದಲ್ಲಿ ಇನ್ನೊಂದು. ಅವನು ಭೂತಗನ್ನಡಿ ಹಿಡಿದು ಬಗ್ಗಿದ.

ಅವನು ಹುಟ್ಟಿದ ಊರು.

ಕಣ್ಣುಜ್ಜಿಕೊಂಡ. ಅದೇ ಊರು. ಕೆಳಗೆ ತಾರೀಖು ಮೂಡತೊಡಗಿತು. ಇವತ್ತಿನದೇ ದಿನ. ಅವನದೇ ವರ್ಷ. ಒರೆಸಿದ. ಹೋಗಲಿಲ್ಲ. ಉಗುರಿನಿಂದ ಕೆರೆದ. ಹೋಗಲಿಲ್ಲ. ಚಾಕು ಮೈಶಾಖದಷ್ಟು ಬೆಚ್ಚಗಾಗಿತ್ತು. ಬೆಚ್ಚಿ ಮಡಚಿದ. ಟಕ್ ಎನ್ನಬೇಕಿತ್ತು. ಅನ್ನಲಿಲ್ಲ. ಹಿಡಿಯೊಳಗಿಂದ ಎಳೆಗೂಸು ಅತ್ತಿತು.

ಬಾಗಿಲು ಧಡಾರನೆ ತೆರೆಯಿತು. ಯಜಮಾನರು.

“ಯಾರಯ್ಯಾ ನೀನು? ಒಳಗೆ ಹೇಗೆ ಬಂದೆ?”

“ನಾನು ಸಾರ್! ಪಂಡಿತ!”

“ಯಾವ ಪಂಡಿತ? ನಡಿ ಆಚೆ!”

ಓಡಿದ. ಚಾಕು ಮುಷ್ಟಿಯಲ್ಲೇ ಇತ್ತು. ಓಡುತ್ತಲೇ ಜೇಬಿನ ಗುರುತಿನ ಚೀಟಿ ತೆಗೆದು ನೋಡಿದ. ಖಾಲಿ. ಬೋಳು. ಉಜ್ಜಿದ ಅಲಗಿನ ಹಾಗೆ. ಅಮ್ಮ ಇದ್ದಾಳೆ. ಅಮ್ಮ ಮರೆಯಲ್ಲ. ಹೆತ್ತವಳು ಹೇಗೆ ಮರೀತಾಳೆ? ಮನೆಯ ಮೆಟ್ಟಿಲು ಹತ್ತಿದ. ಉಸಿರು ಸಿಗಲಿಲ್ಲ. ಬಾಗಿಲು ಬಡಿದ, ಬಡಿದ, ಬಡಿದ.

ಬಾಗಿಲು ತೆರೆಯಿತು. ಒಳಗೆ ಮೇಜಿನ ಮೇಲೆ ಎರಡು ತಟ್ಟೆ. ಬಿಸಿ ಅನ್ನದ ವಾಸನೆ.

“ಯಾರು ಬೇಕಾಗಿತ್ತು?” ಎಂದಳು ಅಮ್ಮ.

“ಅಮ್ಮಾ, ನಾನಮ್ಮಾ! ಹುಟ್ಟಿದಾಗ ನಾನು ಅಳಲಿಲ್ಲ. ಮೈ ನೀಲಿ ಇತ್ತು. ನೀನು ಎದೆ ಉಜ್ಜಿದೆ. ನೀನೇ ಹೇಳ್ತಿದ್ದೆ!”

ಅವಳ ಮುಖದಲ್ಲಿ ಗಾಬರಿ. ಅಪರಿಚಿತನನ್ನು ಕಂಡ ಗಾಬರಿ. ಅವನು ಅವಳ ಕೈ ಹಿಡಿಯಲು ಹೋದ. ಮುಷ್ಟಿ ಸಡಿಲಿತು. ಚಾಕು ಹೊಸ್ತಿಲ ಮೇಲೆ ಬಿತ್ತು.

ಅಮ್ಮ ಅದನ್ನು ನೋಡಿದಳು. ಅಲ್ಲೇ ಕುಸಿದು ಕೂತು ಚಾಕುವನ್ನು ಮಡಿಲಿಗೆ ಹಾಕಿಕೊಂಡಳು, ಹಿಡಿಯ ಮೂಳೆಯನ್ನು ಅಂಗೈಯಿಂದ ಉಜ್ಜತೊಡಗಿದಳು.

“ಬಂದ್ಯಾ ಕಂದಾ? ಎಷ್ಟೊತ್ತು ಮಾಡಿದ್ಯೋ! ಮೈಯೆಲ್ಲಾ ತಣ್ಣಗಾಗಿದೆ... ಇರು, ಇರು...”

“ಅಮ್ಮಾ, ಅದು ಚಾಕು! ನಾನು ಇಲ್ಲಿದ್ದೀನಿ!”

ಅವಳು ತಲೆಯೆತ್ತಿದಳು. ಕಣ್ಣ ತುಂಬ ನೀರು, ಸಂತೋಷದ ನೀರು. ಆ ನೋಟ ಅವನ ಮೇಲೆ ಒಂದು ಗಳಿಗೆ ನಿಂತು ಜಾರಿತು. ಚಾಕುವನ್ನು ಎದೆಗೆ ಅವಚಿಕೊಂಡು ಎದ್ದಳು.

“ಯಾರೋ ಪುಣ್ಯಾತ್ಮ, ನನ್ನ ಮಗನ್ನ ಮನೆ ಮುಟ್ಟಿಸಿದೆ. ನಿನ್ನನ್ನ ಹೆತ್ತ ಹೊಟ್ಟೆ ತಣ್ಣಗಿರಲಪ್ಪಾ.”

ಬಾಗಿಲು ಹಾಕಿಕೊಂಡಳು.