ಬೆಲ್ಲ ತಿನ್ನುವ ಗೋಡೆ

"ಯಾರ್ರೀ ಅದು? ರಾಗಿ ಹಿಟ್ಟಿಗೆಲ್ಲಾ ಮಣ್ಣು ಬೀಳ್ತಾ ಐತೆ!"

ಪ್ರಮೀಳಾ ಅಡುಗೆಮನೆಯ ಕಿಟಕಿಯಿಂದ ಕೂಗಿದಳು. ಹೊರಗೆ ಏಣಿಯ ಮೇಲಿದ್ದವನು ಸರಳುಗಳ ಮಟ್ಟಕ್ಕೆ ಬಗ್ಗಿದ. ಹುಬ್ಬು, ರೆಪ್ಪೆ, ಮೀಸೆ ಎಲ್ಲವೂ ಪುಡಿ ಹತ್ತಿ ಬೆಳ್ಳಗಾಗಿದ್ದವು. ಕಣ್ಣು ಮಾತ್ರ ಕಪ್ಪಗೆ ನಗುತ್ತಿದ್ದವು.

"ಮಣ್ಣಲ್ಲ ಕಣ್ರೀ, ನಿಮ್ಮ ತಾತನ ಕಾಲದ ಗಾರೆ. ಇಟ್ಟಿಗೆ ಸಂದೆಲ್ಲಾ ಉದುರೋಗೈತೆ. ಕೆರೆದು ತೆಗೀದೆ ಹೊಸದು ತುಂಬಕ್ಕಾಗಲ್ಲ."

"ಅಂಗಂತ ಮುದ್ದೆಗೆ ಬೆರೆಸಿ ತಿನ್ಬೇಕಾ?"

"ತಿನ್ನಿ, ಗಟ್ಟಿಯಾಗ್ತೀರಿ."

ಕಿಟಕಿ ಬಡಿದು ಮುಚ್ಚಿದ ಮೇಲೆ ಅವಳಿಗೆ ತಾನು ನಗುತ್ತಿರುವುದು ಗೊತ್ತಾಯಿತು. ಆ ಮನೆಯಲ್ಲಿ ಅವಳು ನಕ್ಕು ಬಹಳ ದಿನವಾಗಿತ್ತು.

ನಾಗಮಂಗಲದ ಗಂಡನನ್ನು ಬಿಟ್ಟು ಗಂಜಾಂನ ಈ ತವರಿಗೆ, ಅವ್ವ ಅಣ್ಣನ ಬಳಿಗೆ ಬಂದು ಎರಡು ವರ್ಷ. ಕೋರ್ಟಿನಲ್ಲಿ ಎಲ್ಲ ಮುಗಿದಿತ್ತು. ಅಣ್ಣ ಶಿವಶಂಕರ ಒಂದು ದಿನವೂ ಗದರಿದವನಲ್ಲ. ಗದರಿದ್ದರೆ ಎದುರಾಡಬಹುದಿತ್ತು, ಅಕ್ಕರೆಗೆ ಎದುರಾಡುವುದು ಹೇಗೆ? ಅವಳು ಗೇಟಿನ ಹತ್ತಿರ ಹೋದರೆ ಸಾಕು, "ಎಲ್ಗವ್ವಾ? ಏನ್ ಬೇಕು ಹೇಳು, ನಾನ್ ತಂದ್ಕೊಡ್ತೀನಿ" ಎಂದು ಅವನೇ ಚಪ್ಪಲಿ ಮೆಟ್ಟಿಬಿಡುತ್ತಿದ್ದ. ಬಳೆ, ಬಾಳೆಹಣ್ಣು, ಮೊಬೈಲಿನ ರೀಚಾರ್ಜು, ಎಲ್ಲವೂ ಕಾಲ ಬುಡಕ್ಕೇ ಬರುತ್ತಿತ್ತು. ತಂಗಿ ಊರಿನ ಬಾಯಿಗೆ ಸಿಕ್ಕಬಾರದು ಎಂಬುದು ಅವನ ಭಯ. ಅವಳ ಚಪ್ಪಲಿ ಮಾತ್ರ ಬಾಗಿಲ ಮೂಲೆಯಲ್ಲಿ, ತಂದ ದಿನದಷ್ಟೇ ಹೊಸದಾಗಿ ಕುಳಿತಿತ್ತು. ಪ್ರಮೀಳಾಗೆ ಉಸಿರು ಕಟ್ಟುತ್ತಿತ್ತು. ಯಾರ ಮೇಲೆ ದೂರು ಹೇಳುವುದೆಂದು ತಿಳಿಯುತ್ತಿರಲಿಲ್ಲ.

ಗಾರೆ ಮೇಸ್ತ್ರಿ ಮಂಜುನಾಥ ಪಾಂಡವಪುರದವನು. ಹಳೇ ಇಟ್ಟಿಗೆಗೆ ಸಿಮೆಂಟು ಆಗದೆಂದು ಸುಣ್ಣ, ಮರಳು, ಇಟ್ಟಿಗೆ ಪುಡಿ ಕಲಸಿ ಅದಕ್ಕೆ ಬೆಲ್ಲದ ನೀರು ಹಾಕುತ್ತಿದ್ದ. ದಿನಾ ಬೆಳಿಗ್ಗೆ ಕಿಟಕಿಯ ಹತ್ತಿರ ಬಂದು ನಿಲ್ಲುವನು.

"ಒಸಿ ಬೆಲ್ಲ ಕೊಡ್ತೀರಾ?"

"ನೆನ್ನೆ ಕೊಟ್ಟಿದ್ದು?"

"ಗೋಡೆ ತಿಂದ್ಬುಡ್ತು."

"ಗೋಡೆ ತಿಂತೋ, ಮೇಸ್ತ್ರಿ ತಿಂದ್ರೋ? ಮೀಸೆ ಮೇಲೆ ಇರುವೆ ಹರೀತಾ ಐತೆ."

ಅವನು ಗಾಬರಿಯಿಂದ ಮೀಸೆ ಒರೆಸಿಕೊಂಡ. ಇರುವೆಯೂ ಇರಲಿಲ್ಲ, ಏನೂ ಇರಲಿಲ್ಲ. ಅವಳು ಅತ್ತ ತಿರುಗಿ ತುಟಿ ಕಚ್ಚಿಕೊಂಡಿದ್ದಳು. ಆ ಬೆನ್ನು ನಗುವಿಗೆ ಕುಲುಕುತ್ತಿರುವುದು ಅವನಿಗೆ ಕಂಡಿತು.

ಸರಳುಗಳ ನಡುವೆ ಬೆಲ್ಲ ಚಾಚುವಾಗ ಅವನ ಬೆರಳುಗಳನ್ನು ನೋಡಿದಳು. ಸುಣ್ಣ ತಿಂದು ಬಿರುಕು ಬಿಟ್ಟಿದ್ದವು. ಮರುದಿನ ಬೆಲ್ಲದ ಜೊತೆ ಒಂದು ಬಟ್ಟಲು ಕೊಬ್ಬರಿ ಎಣ್ಣೆಯೂ ಹೊರಗೆ ಹೋಯಿತು.

"ಗೋಡೆಗೆ ಎಣ್ಣೆ ಹಾಕಲ್ಲ ಕಣ್ರೀ."

"ಗೋಡೆಗೆ ಅಂತ ಯಾರಂದ್ರು?"

ಮಾತಿಗೆ ಮಾತು ಕೊಡುವ ಮೇಸ್ತ್ರಿ ಅವತ್ತು ಬಟ್ಟಲಿಗೆ ಬೆರಳದ್ದಿ, ಬಿರುಕುಗಳಿಗೆ ಒಂದೊಂದಾಗಿ ಎಣ್ಣೆ ಸವರಿಕೊಂಡ.

ಕೆಲಸ ಮುಗಿಯಿತು. ಹೊರಡುವ ಮುಂಚೆ ಅವನು ಗೋಡೆಗೆಲ್ಲ ಗೋಣಿತಾಟು ಇಳಿಬಿಟ್ಟ.

"ಹೊತ್ತೊತ್ತಿಗೆ ನೀರು ಹೊಡೀರಿ. ಬೇಗ ಒಣಗುದ್ರೆ ಪುಡಿಯಾಗೋಯ್ತದೆ."

"ಪುಡಿಯಾದ್ರೆ?"

"ನಾನೇ ಬಂದು ತಿರ್ಗಾ ಮಾಡ್ಬೇಕಾಯ್ತದೆ," ಎಂದು ನಕ್ಕು ಹೋದ.

ಅವನು ತಮಾಷೆಗೆ ಹೇಳಿದ್ದನ್ನು ಅವಳು ಮನಸ್ಸಿಗೆ ಹಾಕಿಕೊಂಡಳು. ಪೈಪು ಹಿಡಿದು ಮನೆಯ ಸುತ್ತ ಗೋಡೆಗೆಲ್ಲ ನೀರು ಹೊಡೆದಳು, ಅಡುಗೆಮನೆ ಕಿಟಕಿಯ ಕೆಳಗಿನ ಜಾಗವೊಂದನ್ನು ಬಿಟ್ಟು. ಅಲ್ಲಿ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತಿತ್ತು. ಬೀಳಲಿ ಎಂದು ಬಿಟ್ಟಳು.

ಶಿವಶಂಕರ ಒಂದು ಸಂಜೆ ಅಲ್ಲಿ ಬೆರಳಿಟ್ಟ. ಗಾರೆ ಹಿಟ್ಟಿನಂತೆ ಉದುರಿತು. ಮೇಸ್ತ್ರಿಗೆ ಫೋನು ಹೋಯಿತು. ಮರುದಿನ ಮಂಜುನಾಥ ಚೀಲ ಹೆಗಲಿಗೇರಿಸಿ ಬಂದಾಗ ಅಂಗಳದಲ್ಲೇ ಪೂಜೆ ಶುರುವಾಯಿತು.

"ಕೆ.ಆರ್.ಪೇಟೆ ನಮ್ಮಾವನ ಮನೆ ಕೆಲ್ಸ ನಿಂಗೇ ಅಂದಿದ್ದೆ ಕಣ್ಲಾ. ಈಗ್ಲೇ ಫೋನ್ ಮಾಡಿ ಬ್ಯಾಡ ಅಂತೀನಿ. ಇನ್ನು ಈ ಕಡೆ ಒಬ್ರೂ ನಿನ್ನ ಕರೀಬಾರ್ದು, ಅಂಗೆ ಮಾಡ್ತೀನಿ!"

ಕಿಟಕಿಯ ಒಳಗೆ ಪ್ರಮೀಳಾ ಸರಳು ಹಿಡಿದುಕೊಂಡಳು. ಅವನು ಬರುವುದನ್ನಷ್ಟೇ ಅವಳು ಯೋಚಿಸಿದ್ದಳು. ಅವನ ಹೆಸರು ಹೋಗುವುದನ್ನು ಯೋಚಿಸಿರಲಿಲ್ಲ.

ಮಂಜುನಾಥ ಉಗುರಿನಿಂದ ಸಂದನ್ನು ಕೆರೆದ. ಪಕ್ಕದ ಸಂದನ್ನು ಕೆರೆದ, ಅದು ಕಲ್ಲು. ಗೋಣಿತಾಟು ಎತ್ತಿ ಮೂಸಿದ. ಬರೀ ಧೂಳು. ಮೆಲ್ಲಗೆ ತಲೆಯೆತ್ತಿ ಕಿಟಕಿ ನೋಡಿದ. ಅವಳ ಕಣ್ಣಲ್ಲಿ ನೀರಿತ್ತು. ಅವನಿಗೆ ಎಲ್ಲ ತಿಳಿಯಿತು.

"ನಂದೇ ತಪ್ಪು ಕಣಣ್ಣ. ಸುಣ್ಣ ಸರಿಯಾಗಿ ನೆಂದಿರ್ಲಿಲ್ಲ."

ಶಿವಶಂಕರ ಜೇಬಿನಿಂದ ಫೋನು ತೆಗೆದ. ಅಷ್ಟರಲ್ಲಿ ಪ್ರಮೀಳಾ ಅಂಗಳಕ್ಕೆ ಬಂದಿದ್ದಳು.

"ಫೋನ್ ಇಡಣ್ಣ. ಸುಣ್ಣ ಚೆನ್ನಾಗೇ ಇತ್ತು. ಅಲ್ಲಿಗೆ ನಾನೇ ನೀರು ಹೊಡೀಲಿಲ್ಲ."

"ಮರ್ತ್ಬುಟ್ಯಾ?"

ಹೂಂ ಎಂದರೆ ಸಾಕಿತ್ತು. ಅಣ್ಣ ನಂಬುತ್ತಿದ್ದ, ಮಂಜುನಾಥನ ಹೆಸರೂ ಉಳಿಯುತ್ತಿತ್ತು, ಅವಳು ಮತ್ತೆ ಆ ಸರಳುಗಳ ಹಿಂದೆ ಹೋಗಿ ನಿಲ್ಲಬಹುದಿತ್ತು.

"ಮರೀಲಿಲ್ಲ. ಪುಡಿಯಾದ್ರೆ ಇವ್ರು ತಿರ್ಗಾ ಬರ್ತಾರೆ ಅಂತ ಬುಟ್ಟೆ. ಇವ್ರು ಬರ್ಲಿ ಅಂತ ಆಸೆಯಾಗಿತ್ತು ನಂಗೆ."

ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅವ್ವನ ಕೈ ನಿಂತಿತು.

"ನಾನೇನ್ ಕಮ್ಮಿ ಮಾಡಿದ್ನವ್ವಾ?" ತಂಗಿಯ ಕಡೆ ತಿರುಗಿದ ಶಿವಶಂಕರನ ದನಿ ಕುಗ್ಗಿತ್ತು. "ಕೇಳಿದ್ದೆಲ್ಲಾ ತಂದ್ಕೊಡ್ಲಿಲ್ವಾ?"

"ಎಲ್ಲಾ ತಂದ್ಕೊಟ್ಟೆ ಕಣಣ್ಣ. ಅಂಗಡಿಗೆ ಹೋಗೋ ದಾರೀನ ತಂದ್ಕೊಡಕ್ಕಾಯ್ತದಾ? ಅದನ್ನ ನಾನೇ ನಡೀಬೇಕು. ಈ ಮನೇಲಿ ನಂಗೆ ಉಸಿರು ಕಟ್ತದೆ."

ಮಂಜುನಾಥ ಚೀಲ ಬಿಚ್ಚಿ, ಕಾಗದ ಸುತ್ತಿದ ಒಂದು ಬೆಲ್ಲದಚ್ಚು ತೆಗೆದು ಜಗಲಿಯ ಮೇಲಿಟ್ಟ.

"ಪಾಂಡವಪುರದೋನು ನಾನು. ನಮ್ಮೂರ್ನಲ್ಲಿ ಬೆಲ್ಲಕ್ಕೆ ಬರಾನಾ? ದಿನಾ ಚೀಲ್ದಲ್ಲೇ ಇತ್ತು. ಇವ್ರು ಕಿಟಕಿ ತೆಗೀಲಿ ಅಂತ ಕೇಳ್ತಿದ್ದೆ. ನಂಗೆ ಇವ್ರ ಮೇಲೆ ಮನಸಾಗೈತೆ ಕಣಣ್ಣ. ನಿಮ್ಮನ್ನ ಕೇಳಕ್ಕೆ ಧೈರ್ಯ ಬರ್ಲಿಲ್ಲ."

"ಗೋಡೆ ತಿಂತು, ಗೋಡೆ ತಿಂತು ಅಂತ ನನ್ನ ಡಬ್ಬ ಖಾಲಿ ಮಾಡುದ್ರಲ್ಲೋ!" ಎಂದಳು ಅವ್ವ. ಆಮೇಲೆ ಮಗನ ಕಡೆ ನೋಡದೆ, "ಈ ಅಚ್ಚು ಗೋಡೆಗಿರ್ಲಿ. ಬಂದೋರ ಕಾಫಿಗೆ ಅಂಗಡಿಯಿಂದ ಬೇರೆ ಬೆಲ್ಲ ತರ್ಬೇಕು," ಎಂದಳು.

ಶಿವಶಂಕರ ಅಭ್ಯಾಸಬಲದಿಂದ ಚಪ್ಪಲಿಗೆ ಕಾಲು ಚಾಚಿದ. ಪ್ರಮೀಳಾ ಆಗಲೇ ತನ್ನದನ್ನು ಮೆಟ್ಟಿದ್ದಳು. ಅವನು ಅವಳನ್ನೂ ಗೇಟನ್ನೂ ನೋಡಿದ. ಬಹಳ ಹೊತ್ತಿನ ಮೇಲೆ ಕಾಲು ಹಿಂದಕ್ಕೆ ತೆಗೆದುಕೊಂಡ.

"ಬಿಸ್ಲು ಐತೆ. ತಲೆ ಮೇಲೆ ಬಟ್ಟೆ ಹಾಕ್ಕೊಂಡೋಗು," ಎಂದು ಮುಖ ತಿರುಗಿಸಿದ.

ಗೇಟಿನಲ್ಲಿ ಅವಳು ನಿಂತಳು. "ಮೇಸ್ತ್ರಿ, ನಾನು ಬರೋಗಂಟ ಇರ್ತೀರಾ?"

"ಸಂದು ಗಟ್ಟಿಯಾಗೋಗಂಟ ಇರ್ತೀನಿ. ಈ ಸಲ ನೀರು ನಾನೇ ಹೊಡೀತೀನಿ, ನಿಮ್ಮನ್ನ ನಂಬಕ್ಕಾಗಲ್ಲ."

ಅವಳು ನಗುತ್ತಲೇ ಬೀದಿಗಿಳಿದಳು. ಎದುರು ಮನೆಯ ಬಾಗಿಲಲ್ಲಿ ಇಬ್ಬರು ಮಾತು ನಿಲ್ಲಿಸಿ ಅವಳನ್ನೇ ನೋಡಿದರು. ಅಂಗಡಿ ಇನ್ನೂ ದೂರವಿತ್ತು. ಹೊಸ ಚಪ್ಪಲಿ ಹಿಮ್ಮಡಿ ಕಚ್ಚತೊಡಗಿತು. ಕಚ್ಚಲಿ ಎಂದುಕೊಂಡು ನಡೆದಳು.